ಹೆಸರು ಮಾರಿ ಆದ ಮೇಲೆ ಖರೀದಿ ಕೇಂದ್ರ

ಮಾನ್ಯರೇ,

ಬೆಂಬಲ ಬೆಲೆಗೆ ಹೆಸರುಕಾಳು ಕೊಳ್ಳುವ ಸರ್ಕಾರಿ ಖರೀದಿ ಕೇಂದ್ರ ಶುರುವಾದ ಸುದ್ದಿ, ತಕ್ಕಡಿಗೆ ಪೂಜೆ ಮಾಡುವ ಫೋಟೊ ಸಮೇತ ನಿಮ್ಮ ಪತ್ರಿಕೆಯಲ್ಲಿ ಬಂದಿದೆ. ಅದನ್ನು ನಂಬಿ ಉತಾರ (ಪಹಣಿ), ಆಧಾರ್, ಪಾಸ್‌ಬುಕ್ ಹಿಡಿದು ನಾನೂ ನೋಂದಣಿಗೆ ಹೋದೆ. ಮನೆಯಲ್ಲಿ ಉಳಿದ ನಾಲ್ಕು ಚೀಲವನ್ನಾದರೂ ಹಾಕೋಣ ಅಂತ. ಮಧ್ಯಾಹ್ನದವರೆಗೆ ಸರ್ವರ್ ಇಲ್ಲ. ಸರ್ವರ್ ಬಂದ ಮೇಲೆ ನನ್ನ ಹೆಬ್ಬೆರಳು ತಗೊಳ್ಳಲಿಲ್ಲ. ಕಡೆಗೆ ಕಂಪ್ಯೂಟರ್ ಮುಂದೆ ಕೂತವರು, ‘ಬೆಳೆ ಸಮೀಕ್ಷೆಯಲ್ಲಿ ನಿಮ್ಮ ಹೊಲಕ್ಕೆ ಗೋವಿನಜೋಳ ಅಂತ ಇದೆ’ ಎಂದರು. ಬಿತ್ತಿದ ನನಗೇ ಕಾಣದ ಗೋವಿನಜೋಳ ಸಮೀಕ್ಷೆ ಮಾಡಿದವರ ಮೊಬೈಲ್‌ಗೆ ಕಂಡಿದೆ!

ಹೆಸರು ಅರವತ್ತು-ಎಪ್ಪತ್ತು ದಿನದ ಬೆಳೆ. ಮೃಗಶಿರಾ ಮಳೆಗೆ ಬಿತ್ತಿದರೆ ಮಘಾ ಹೊತ್ತಿಗೆ ಕಾಯಿ ಬಿಡಿಸಲೇಬೇಕು. ಬಿಟ್ಟರೆ ಕಾಯಿ ಸಿಡಿಯುತ್ತದೆ, ಮಳೆ ಹಿಡಿದರೆ ಗಿಡದಲ್ಲೇ ಮೊಳಕೆ. ಅದೇ ಎರಿ (ಕಪ್ಪು ಮಣ್ಣಿನ) ಹೊಲ ಹಸನು ಮಾಡಿ ಹಿಂಗಾರಿಗೆ ಜೋಳ, ಕಡಲೆ ಬಿತ್ತಬೇಕು. ಬೀಜ, ಗೊಬ್ಬರ, ಟ್ರ್ಯಾಕ್ಟರ್ ಬಾಡಿಗೆ, ಆಳಿನ ಪಗಾರ ಎಲ್ಲಕ್ಕೂ ಹೆಸರಿನ ದುಡ್ಡೇ ಗತಿ. ಗದಗ, ಧಾರವಾಡ ಕಡೆ ಸಣ್ಣ ಹುಡುಗರಿಗೂ ಇದು ಗೊತ್ತು. ಸಾಹೇಬರಿಗೆ ಮಾತ್ರ ಪ್ರತಿ ವರ್ಷವೂ ಹೊಸದು. ಕ್ವಿಂಟಲ್‌ಗೆ 8,768 ರೂಪಾಯಿ ಬೆಂಬಲ ಬೆಲೆ ಅಂತ ದಿಲ್ಲಿಯವರು 2025ರ ಮೇ ತಿಂಗಳಲ್ಲೇ ಹೇಳಿದ್ದರು. ಅಲ್ಲಿಂದ ಇಲ್ಲಿಯವರೆಗೆ ಇವರು ತಕ್ಕಡಿ ಹುಡುಕುತ್ತಿದ್ದರಾ? ನಾವಂತೂ ಅಡತಿ (ದಲ್ಲಾಳಿ) ಅಂಗಡಿಯವರು ಹೇಳಿದ ರೇಟಿಗೆ ಕೊಟ್ಟು ಬಂದಾಗಿದೆ. ಇನ್ನು ಮೇಲೆ ಕೇಂದ್ರಕ್ಕೆ ಬರುವ ಹೆಸರು ಯಾರದ್ದು, ಯಾರ ಉತಾರದ ಮೇಲೆ ಬರುತ್ತದೆ ಅನ್ನೋದನ್ನು ನಾನು ಬಿಡಿಸಿ ಹೇಳಬೇಕಾ?

ತೇವಾಂಶ ಶೇ 12 ದಾಟಬಾರದಂತೆ. ಒಪ್ಪೋಣ. ಒಣಗಿಸೋದು ಎಲ್ಲಿ? ಊರಲ್ಲಿ ಕಣ ಉಳಿದಿಲ್ಲ. ರಸ್ತೆ ಮೇಲೆ ಹರವಿದರೆ ಪೊಲೀಸರು ಬಯ್ಯುತ್ತಾರೆ.

ಹೋದ ಸಲ ಸರ್ಕಾರದಿಂದ ಕಡಲೆಯ ಬಿತ್ತನೆ ಬೀಜ ಬಂದಾಗ ಹೊಲದ ಹಸಿ ಆರಿತ್ತು. ವಿಮೆ ಕಂತು ಕಟ್ಟಿಸಿಕೊಳ್ಳಲು ಮಾತ್ರ ಜುಲೈನಲ್ಲೇ ಮೈಕ್ ಹಚ್ಚಿ ಓಣಿ ಓಣಿ ಕೂಗಿಸಿದರು. ಪರಿಹಾರ ಕೇಳಲು ಹೋದರೆ ಸಾಹೇಬರು ಯಾವಾಗಲೂ ಮೀಟಿಂಗ್‌ನಲ್ಲಿ. ಅದೇನು ಮೀಟಿಂಗೋ, ಒಂದಕ್ಕಾದರೂ ಪಂಚಾಂಗ ತಗೊಂಡು ಹೋಗಬಾರದಾ?

ಮುಂದಿನ ವರ್ಷ ಕೇಂದ್ರವನ್ನು ಆಗಸ್ಟ್‌ನಲ್ಲೇ ತೆರೆಯಲಿ. ಈ ವರ್ಷ ಮಾರಿಕೊಂಡವರಿಗೆ ವ್ಯತ್ಯಾಸದ ಹಣ ಕೊಡಲಿ. ಸಮೀಕ್ಷೆ ಮಾಡಿದವರು ಒಮ್ಮೆ ಹೊಲಕ್ಕೂ ಬರಲಿ. ಸಂಬಂಧಪಟ್ಟವರು ಏನಾದರೊಂದು ಮಾಡಲಿ, ಸುಮ್ನೆ ಫೋಟೊಕ್ಕೆ ನಿಲ್ಲೋದು ಬಿಟ್ಟು.

– ನೊಂದ ಹೆಸರು ಬೆಳೆಗಾರ, ಗದಗ ಜಿಲ್ಲೆ