ಗ್ರಾಫ್ಟ್ ಆರಿಸುವ ಮುನ್ನ

ಚಿ. ಮೇಘಾಳಿಗೆ ದೊಡ್ಡಪ್ಪನ ಆಶೀರ್ವಾದಗಳು.

ನಿನ್ನ ಪತ್ರ ಓದಿ ತುಂಬಾ ಖುಷಿಯಾಯಿತು. ಅನ್ಯೂರಿಸಂಗೆ, ಅಂದರೆ ಹೃದಯದಿಂದ ಹೊರಡುವ ಮುಖ್ಯ ರಕ್ತನಾಳ ಅಯೋರ್ಟಾದ ಗೋಡೆ ಉಬ್ಬಿದ್ದಕ್ಕೆ, ಸ್ಟೆಂಟ್ ಗ್ರಾಫ್ಟ್ (ಲೋಹದ ಜಾಲರಿಗೆ ಬಟ್ಟೆ ಹೊದಿಸಿದ ಕೊಳವೆ) ಹಾಕಿದ ಮೇಲೆ ಉಬ್ಬಿನೊಳಗೆ ರಕ್ತ ಸೋರಿಕೆ ಇದೆಯಾ ಅಂತ ಎಲ್ಲರೂ ಕೇಳುತ್ತಾರೆ. ಹೃದಯದ ಮೇಲೆ ಅದರ ಹೊರೆ ಎಷ್ಟು ಅಂತ ಕೇಳುವವರು ಕಡಿಮೆ. ಪಾಲಿಯೆಸ್ಟರ್ ಗ್ರಾಫ್ಟ್ ಹಾಕಿದರೆ ರಕ್ತನಾಳ ಜಾಸ್ತಿ ಬಿಗಿಯಾಗುತ್ತದಂತೆ, ಹಾಗಿದ್ದರೆ ಎಲ್ಲರಿಗೂ ಇ-ಪಿಟಿಎಫ್‌ಇ ಎಂಬ ಟೆಫ್ಲಾನ್ ಜಾತಿಯ ಬಟ್ಟೆಯದ್ದನ್ನೇ ಯಾಕೆ ಹಾಕಬಾರದು ಎಂದು ಕೇಳಿದ್ದೀಯ. ಹಾಗೆ ಕಣ್ಣುಮುಚ್ಚಿ ಒಂದಕ್ಕೇ ಅಂಟಿಕೊಳ್ಳಬೇಡ ಮಗಳೇ. ಪ್ರಶ್ನೆಯನ್ನು ಮಾತ್ರ ಬಿಡಬೇಡ.

ಮೂಲದಿಂದ ಬರುತ್ತೇನೆ, ಬೇಜಾರು ಮಾಡಿಕೊಳ್ಳಬೇಡ. ಆರೋಗ್ಯವಾಗಿರುವ ಅಯೋರ್ಟಾ ಪ್ರತಿ ಬಡಿತಕ್ಕೂ ಹಿಗ್ಗುತ್ತದೆ. ಒಂದಷ್ಟು ರಕ್ತವನ್ನು ತನ್ನಲ್ಲೇ ಹಿಡಿದಿಟ್ಟುಕೊಂಡು, ಹೃದಯ ಸಡಿಲಾದಾಗ ಮುಂದೆ ತಳ್ಳುತ್ತದೆ. ಜರ್ಮನಿಯ ಶರೀರಶಾಸ್ತ್ರಜ್ಞ ಒಟ್ಟೊ ಫ್ರಾಂಕ್ 1899ರಲ್ಲೇ ಇದನ್ನು ಲೆಕ್ಕಕ್ಕೆ ಇಳಿಸಿದ್ದರು. ಗೋಡೆ ಬಿಗಿಯಾದರೆ ನಾಡಿಯ ಅಲೆ ಬೇಗ ಓಡುತ್ತದೆ, ಬೇಗ ತಿರುಗಿ ಬರುತ್ತದೆ. ಹೃದಯ ಇನ್ನೂ ಹಿಂಡುತ್ತಿರುವಾಗಲೇ ಬಂದು ಎದುರಾಗುತ್ತದೆ. ಆಗ ಮೇಲಿನ ಬಿಪಿ ಏರುತ್ತದೆ, ಕೆಳಗಿನದು ಇಳಿಯುತ್ತದೆ. ದೇಹಕ್ಕೆ ರಕ್ತ ತಳ್ಳುವ ಎಡ ಹೃತ್ಕುಕ್ಷಿಗೆ ಕೆಲಸ ಜಾಸ್ತಿ. ಆದರೆ ಹೃದಯದ ಸ್ನಾಯುವಿಗೆ ರಕ್ತ ಸಿಗುವುದು ಬಹುಪಾಲು ಅದು ಸಡಿಲಾದ ಹೊತ್ತಿನಲ್ಲೇ ಅಲ್ವಾ? ಕೆಳಗಿನ ಬಿಪಿ ಇಳಿದರೆ ಅಲ್ಲೂ ಖೋತಾ. ದುಡಿಮೆ ಹೆಚ್ಚು, ಊಟ ಕಡಿಮೆ ಎಂಬ ಸ್ಥಿತಿ ಹೃದಯಕ್ಕೆ ಬರುತ್ತದೆ.

ಈಗ ಬಟ್ಟೆಯ ವಿಷಯ. ನೀನು ಓದಿದ್ದು ಸುಳ್ಳಲ್ಲ. ಗ್ರಾಫ್ಟ್ ಹಾಕಿದ ಮೇಲೆ ನಾಡಿ ಅಲೆಯ ವೇಗ ಏರುವುದನ್ನು ಹಲವರು ಅಳೆದು ತೋರಿಸಿದ್ದಾರೆ. ಪಾಲಿಯೆಸ್ಟರ್‌ನಲ್ಲಿ ಆ ಏರಿಕೆ ಜಾಸ್ತಿ ಎಂದು ಕೆಲವು ಅಧ್ಯಯನಗಳಲ್ಲಿ ಕಂಡಿದೆ. ಹಾಕಿದ ಮೊದಲ ದಿನಗಳ ಜ್ವರ, ಬಿಳಿ ರಕ್ತಕಣಗಳ ಏರಿಕೆ, ಸಿಆರ್‌ಪಿ ಎಂಬ ಉರಿಯೂತದ ಸೂಚಕದ ಏರಿಕೆ ಕೂಡ ಪಾಲಿಯೆಸ್ಟರ್‌ನಲ್ಲೇ ಹೆಚ್ಚು. ಆದರೆ ಇವೆಲ್ಲ ಸಣ್ಣ ಸಣ್ಣ ಗುಂಪುಗಳಲ್ಲಿ ಅಳೆದವು. ಬಟ್ಟೆ ಬದಲಿಸಿದ್ದರಿಂದ ಹೃದಯಾಘಾತ ಕಡಿಮೆಯಾಯಿತು, ಆಯಸ್ಸು ಹೆಚ್ಚಿತು ಎಂದು ಇನ್ನೂ ಸಾಬೀತಾಗಿಲ್ಲ. ಅಷ್ಟರ ಮೇಲೆ ರೋಗಿಯ ಕುತ್ತಿಗೆ ಕೊಯ್ಯುವ ನಿರ್ಧಾರ ಮಾಡಬಾರದು.

ಕುತ್ತಿಗೆ ಅಂದೆನಲ್ಲ, ಅನ್ಯೂರಿಸಂನ ಕುತ್ತಿಗೆಯನ್ನೇ, ಅಂದರೆ ಉಬ್ಬಿನ ಮೇಲಿರುವ ಉಬ್ಬದ ಭಾಗವನ್ನೇ, ಮೊದಲು ನೋಡು. ಮೂತ್ರಪಿಂಡದ ನಾಳಗಳ ಕೆಳಗೆ ಒಳ್ಳೆಯ ಗೋಡೆ ಎಷ್ಟು ಉದ್ದ ಸಿಗುತ್ತದೆ, ಎಷ್ಟು ಬಾಗಿದೆ, ಎಷ್ಟು ಅಗಲ, ಸುಣ್ಣ ಕಟ್ಟಿದೆಯಾ, ಕಾಲಿನ ಕಡೆಗೆ ಹೋಗುವ ಇಲಿಯಾಕ್ ನಾಳದಲ್ಲಿ ಸಾಧನ ಹತ್ತುತ್ತದೆಯಾ. ಯಾವ ಗ್ರಾಫ್ಟ್ ಆ ಕುತ್ತಿಗೆಯಲ್ಲಿ ಗಟ್ಟಿಯಾಗಿ ಕೂತು ಸೋರದೆ ನಿಲ್ಲುತ್ತದೋ ಅದೇ ಆ ರೋಗಿಯ ಗ್ರಾಫ್ಟ್. ಅನ್ಯೂರಿಸಂ ಒಡೆದರೆ ಮನುಷ್ಯ ಗಂಟೆಗಳಲ್ಲಿ ಹೋಗುತ್ತಾನೆ. ಎರಡು ಸಾಧನ ಸಮಸಮ ಹೊಂದಿದಾಗ ಮಾತ್ರ ಬಟ್ಟೆಯ ಬಿಗಿತವನ್ನು ತಕ್ಕಡಿಗೆ ಹಾಕು. ಆಗ ಧೈರ್ಯವಾಗಿ ಹಾಕು, ನಿನ್ನ ಸೀನಿಯರ್ ಎದುರೂ ಹೇಳು.

ಇನ್ನೊಂದು ಮಾತು. ಉಬ್ಬಿದ ಗೋಡೆಯಲ್ಲಿ ಹಿಗ್ಗುವ ಗುಣ ಕೊಡುವ ಎಲಾಸ್ಟಿನ್ ಆಗಲೇ ಹಾಳಾಗಿರುತ್ತದೆ. ಹೊಟ್ಟೆಯ ಅನ್ಯೂರಿಸಂ ಇರುವ 75 ವರ್ಷದವರಲ್ಲಿ ಆ ಭಾಗ ಮೊದಲೇ ಬಿಗಿ. ಅಲ್ಲಿ ಗ್ರಾಫ್ಟ್‌ನಿಂದ ಕಳೆದುಕೊಳ್ಳುವುದು ಸ್ವಲ್ಪವೇ. ಎದೆಯ ಭಾಗ ಹಾಗಲ್ಲ. ಹಿಗ್ಗಿ ಕುಗ್ಗುವ ಕೆಲಸದ ದೊಡ್ಡ ಪಾಲು ಅಲ್ಲೇ ನಡೆಯುತ್ತದೆ. ಅಪಘಾತದಲ್ಲಿ ಅಯೋರ್ಟಾ ಹರಿದು ಬರುವ ಹುಡುಗರನ್ನು ನೆನೆಸಿಕೋ. 25 ವರ್ಷದವನ ಅಯೋರ್ಟಾ ಚೆನ್ನಾಗಿ ಹಿಗ್ಗುತ್ತದೆ. ಅದರೊಳಗೆ ಹಿಗ್ಗದ ಕೊಳವೆ ಕೂರಿಸುತ್ತೇವೆ. ಜೀವ ಉಳಿಯುತ್ತದೆ, ಅದು ದೊಡ್ಡದು. ಆದರೆ ಆ ಕೊಳವೆ ಅವನ ಜೊತೆ ಇನ್ನೂ ದಶಕಗಳ ಕಾಲ ಬದುಕಬೇಕು. ಇಂಥ ಹುಡುಗರಲ್ಲಿ ಮುಂದೆ ಬಿಪಿ ಶುರುವಾಗುವುದು, ಎಡ ಹೃತ್ಕುಕ್ಷಿ ದಪ್ಪವಾಗುವುದು ವರದಿಯಾಗಿದೆ. ನನಗೆ ನಿಜವಾಗಿ ಚಿಂತೆ ಇರುವುದು ಇವರ ಬಗ್ಗೆ. ಗಾಯ ವಾಸಿಯಾಯಿತು ಅಂತ ಇವರು ತಪಾಸಣೆಗೆ ಬರುವುದನ್ನೇ ನಿಲ್ಲಿಸಿಬಿಡುತ್ತಾರೆ. ಆದ್ದರಿಂದ ಬಟ್ಟೆಗಿಂತ ಮೊದಲು ಉದ್ದವನ್ನು ಕೇಳು. ಗೋಡೆಯನ್ನು ಎಷ್ಟು ಉದ್ದ ಮುಚ್ಚುತ್ತೀಯೋ ಅಷ್ಟು ಹಿಗ್ಗುವ ಜಾಗ ಕಳೆಯುತ್ತೀಯ. ಭದ್ರವಾಗಿ ಕೂರಲು ಬೇಕಾದಷ್ಟು ಮುಚ್ಚು. ಇರಲಿ ಅಂತ ಸುಮ್ನೆ ಇನ್ನೊಂದು ತುಂಡು ಸೇರಿಸಬೇಡ.

ಅಳತೆ ಇಟ್ಟುಕೊಳ್ಳುವ ಅಭ್ಯಾಸ ಈಗಲೇ ಮಾಡಿಕೋ. ಗ್ರಾಫ್ಟ್ ಹಾಕುವ ಮೊದಲೇ ಒಂದು ಎಕೋ (ಹೃದಯದ ಸ್ಕ್ಯಾನ್) ಮಾಡಿಸು. ಯಂತ್ರ ಸಿಕ್ಕರೆ ಕತ್ತಿನಿಂದ ತೊಡೆಸಂದಿಗೆ ನಾಡಿ ಅಲೆಯ ವೇಗ ಅಳೆಸು. ಸೆಕೆಂಡಿಗೆ 10 ಮೀಟರ್ ದಾಟಿದರೆ ಬಿಗಿತ ಹೆಚ್ಚಿದೆ ಎಂದು ಲೆಕ್ಕ. ಅಳೆದ ಹೊತ್ತಿನ ಬಿಪಿಯನ್ನೂ ಪಕ್ಕದಲ್ಲೇ ಬರೆ, ಯಾಕೆಂದರೆ ಬಿಪಿ ಏರಿದರೆ ಗೋಡೆ ಬದಲಾಗದಿದ್ದರೂ ವೇಗ ಏರುತ್ತದೆ. ಯಂತ್ರ ಇಲ್ಲದಿದ್ದರೆ ಮೇಲಿನ ಮತ್ತು ಕೆಳಗಿನ ಬಿಪಿಯ ಅಂತರ ನೋಡು. 120/80 ಇದ್ದವರಿಗೆ 40. ಅದೇ ರೋಗಿ ಮುಂದೆ 160/70 ತೋರಿಸಿದರೆ ಅಂತರ 90. ಸಿ.ಟಿ.ಯಲ್ಲಿ ಸೋರಿಕೆ ಇಲ್ಲ ಅಂತ ಬಂದಿದ್ದಕ್ಕೆ ಸಮಾಧಾನಪಟ್ಟು ಈ ಅಂಕಿಯನ್ನು ದಾಟಿ ಹೋಗಬೇಡ. ಬಿಪಿ ಮಾತ್ರೆ, ಕೊಲೆಸ್ಟ್ರಾಲ್ ಇಳಿಸುವ ಸ್ಟ್ಯಾಟಿನ್, ಬೀಡಿ ಸಿಗರೇಟು ಬಿಡಿಸುವುದು, ಇವುಗಳಿಂದ ಹೃದಯಕ್ಕೆ ಸಿಗುವ ಲಾಭಕ್ಕೆ ಬಟ್ಟೆಯ ಆಯ್ಕೆಗಿಂತ ಗಟ್ಟಿಯಾದ ಪುರಾವೆ ಇದೆ. ಮಾತ್ರೆ ಹೆಚ್ಚಿಸುವಾಗ ಕೆಳಗಿನ ಬಿಪಿ ತೀರಾ ಇಳಿಯದ ಹಾಗೆ ನೋಡಿಕೋ.

ಎದೆಯ ಗ್ರಾಫ್ಟ್ ಹಾಕಿದಾಗ ಎಡಗೈಗೆ ಹೋಗುವ ನಾಳದ ಬಾಯಿಯನ್ನೂ ಎಷ್ಟೋ ಸಲ ಮುಚ್ಚಬೇಕಾಗುತ್ತದೆ. ಅಂಥವರ ಎಡಗೈ ಬಿಪಿ ಕಡಿಮೆ ತೋರಿಸುತ್ತದೆ. ಅದನ್ನೇ ನಂಬಿ ಎಲ್ಲ ಸರಿಯಿದೆ ಅಂತ ಮನೆಗೆ ಕಳಿಸಿಬಿಡುವ ಅಪಾಯ ಇದೆ. ಬಲಗೈಯಲ್ಲಿ ನೋಡಿ ಎಂದು ಡಿಸ್ಚಾರ್ಜ್ ಚೀಟಿಯಲ್ಲಿ ದೊಡ್ಡಕ್ಷರದಲ್ಲಿ ಬರೆ. ರೋಗಿಗೂ ಬಾಯಿಮಾತಿನಲ್ಲಿ ಹೇಳು, ಮನೆಯವರಿಗೂ ಹೇಳು.

ನಿನ್ನ ಪ್ರೀತಿಯ
ದೊಡ್ಡಪ್ಪ