ಇಲ್‌ಸ್ಟೆಡ್ ಬಗ್ಗೆಯೂ ಬರೆಯಿರಿ

ಮಾನ್ಯರೇ,

ಡೆನ್ಮಾರ್ಕಿನ ಚಿತ್ರಕಲೆ ಅಂದ ಕೂಡಲೇ ಎಲ್ಲರೂ ವಿಲ್ಹೆಲ್ಮ್ ಹಾಮರ್ಸ್‌ಹೊಯ್ ಹೆಸರು ಹೇಳುತ್ತಾರೆ. ಅವನ ಭಾವಮೈದ ಪೀಟರ್ ಇಲ್‌ಸ್ಟೆಡ್ ಬಗ್ಗೆ ಮಾತೇ ಇಲ್ಲ. ನನಗಿದು ಬೇಸರದ ಸಂಗತಿ.

ಇಲ್‌ಸ್ಟೆಡ್ ಹುಟ್ಟಿದ್ದು 1861ರಲ್ಲಿ. ಕಲಿತದ್ದು ಕೋಪನ್‌ಹೇಗನ್‌ನ ಕಲಾ ಅಕಾಡೆಮಿಯಲ್ಲಿ. ಅವನ ತಂಗಿ ಇಡಾ 1891ರಲ್ಲಿ ಹಾಮರ್ಸ್‌ಹೊಯ್‌ನನ್ನು ಮದುವೆಯಾದಳು. ಈ ಇಬ್ಬರು ಕಲಾವಿದರಿಗೂ ಮನೆಯೊಳಗಿನ ನೋಟಗಳೇ ಇಷ್ಟ. ಆದರೆ ಇಲ್‌ಸ್ಟೆಡ್‌ನ ಕೋಣೆಗಳಲ್ಲಿ ಬಿಸಿಲು ಜಾಸ್ತಿ, ಮಕ್ಕಳೂ ಇದ್ದಾರೆ.

ಅವನ ದೊಡ್ಡ ಸಾಧನೆ ಮೆಝೊಟಿಂಟ್ ಮುದ್ರಣ. ಹಲ್ಲುಗಳಿರುವ ಉಪಕರಣದಿಂದ ಮೊದಲು ತಾಮ್ರದ ತಗಡನ್ನೆಲ್ಲ ತರಿತರಿ ಮಾಡಬೇಕು. ಹಾಗೇ ಶಾಯಿ ಹಚ್ಚಿ ಒತ್ತಿದರೆ ಕಾಗದ ಪೂರ್ತಿ ಕಪ್ಪು. ಬೆಳಕು ಬೇಕಾದ ಕಡೆ ಕೆರೆದು, ಉಜ್ಜಿ ನುಣುಪು ಮಾಡುತ್ತಾ ಹೋಗಬೇಕು. ಕಿಟಕಿಯ ಬಿಸಿಲನ್ನೂ ಅವನು ಹೀಗೆ ಕತ್ತಲೆಯೊಳಗಿಂದಲೇ ಕೆರೆದು ತೆಗೆದ. ಬಣ್ಣದಲ್ಲಿ ಮುದ್ರಿಸುವುದಂತೂ ಇನ್ನೂ ಕಷ್ಟ. ಇಷ್ಟು ದುಡಿಮೆಯನ್ನು ‘ಬರೀ ಪ್ರಿಂಟ್’ ಅಂತ ತಳ್ಳಿಹಾಕುವುದು ಅನ್ಯಾಯ ಅಲ್ವಾ?

1933ರಲ್ಲಿ ತೀರಿಕೊಂಡ ಈ ಕಲಾವಿದನ ಬಗ್ಗೆ ನಿಮ್ಮ ಭಾನುವಾರದ ಪುರವಣಿಯಲ್ಲಿ ಒಂದು ಲೇಖನ ಪ್ರಕಟಿಸಿ. ಚಿತ್ರಗಳನ್ನು ದಯವಿಟ್ಟು ದೊಡ್ಡದಾಗಿ ಹಾಕಿ.

– ಒಬ್ಬ ಓದುಗ