ಕತ್ತರಿಗೂ ಒಂದು ರಜೆ

ಕಳೆದ ಶನಿವಾರ, ಅಕ್ಟೋಬರ್ 4ರಂದು, ಹೊರದೇಶದಲ್ಲಿರುವ ನಮ್ಮ ಕನ್ನಡಿಗರ ಸಂಘದ ಆಯುಧಪೂಜೆ ಚೆನ್ನಾಗಿಯೇ ಆಯಿತು. ಉದ್ದನೆಯ ಮೇಜಿನ ಮೇಲೆ ಹನ್ನೊಂದು ಲ್ಯಾಪ್‌ಟಾಪ್, ಒಂದು ಸ್ಟೆತಸ್ಕೋಪ್, ಯಾರದೋ ಡ್ರಿಲ್ ಮಷೀನು. ಹೊರಗೆ ಕಾರುಗಳ ಚಕ್ರದಡಿ ನಿಂಬೆಹಣ್ಣು. ಬೂದುಗುಂಬಳ ಒಡೆಯೋದಕ್ಕೆ ಮಾತ್ರ ಸಭಾಂಗಣದವರು ಒಪ್ಪಲಿಲ್ಲ. ಒಳಗೆಲ್ಲ ಕುಂಕುಮ ತುಂಬಿದ ಕಾಯಿ ಪಾರ್ಕಿಂಗ್ ಜಾಗದಲ್ಲಿ ಒಡೆದು ಬಿದ್ದಿದ್ದರೆ ನೋಡಿದವರು ಪೊಲೀಸರನ್ನೇ ಕರೆಯುತ್ತಿದ್ದರೇನೋ. ಅವರ ಭಯ ತಪ್ಪಲ್ಲ ಬಿಡಿ. ಕಾಯಿ ಭಾನುವಾರ ನಮ್ಮ ಮನೆಯಲ್ಲಿ ಮಜ್ಜಿಗೆಹುಳಿಯಾಯಿತು.

ಆದರೆ ಈ ಸಲ ನವಮಿ ಬಂದಿದ್ದು ಬುಧವಾರ, ದಶಮಿ ಗುರುವಾರ. ನಾವು ಆಯುಧಗಳನ್ನು ಪೂಜೆಗಿಟ್ಟ ಹೊತ್ತಿಗೆ ಪಾಂಡವರು ಬನ್ನಿ ಮರದಿಂದ ತಮ್ಮದನ್ನು ಇಳಿಸಿಕೊಂಡು ಹೋಗಿ ಎರಡು ದಿನವಾಗಿತ್ತು!

ಹಬ್ಬವನ್ನು ವಾರದ ಕೊನೆಗೆ ತಳ್ಳುವುದು ನಮಗೆ ಹೊಸದಲ್ಲ, ನಾನೇ ಎಷ್ಟೋ ಸಲ ಅದಕ್ಕೆ ಕೈ ಎತ್ತಿದ್ದೇನೆ. ಯುಗಾದಿ ಶನಿವಾರ ಮಾಡಿದರೆ ಒಬ್ಬಟ್ಟಿನ ರುಚಿಯೇನೂ ಕಮ್ಮಿಯಾಗುವುದಿಲ್ಲ. ಆಯುಧಪೂಜೆಯ ವಿಷಯ ಬೇರೆ. ಶನಿವಾರ ನಮ್ಮ ಲ್ಯಾಪ್‌ಟಾಪು ಹೇಗೂ ಮುಚ್ಚಿಯೇ ಇರುತ್ತದೆ. ರಜೆಯಲ್ಲಿ ಇರುವವನಿಗೆ ಮತ್ತೊಮ್ಮೆ ರಜೆ ಕೊಟ್ಟ ಹಾಗಾಯಿತು, ಅಲ್ವಾ?

ತಿಪಟೂರಿನಲ್ಲಿ ನಮ್ಮ ಸೋದರಮಾವನದು ಟೈಲರ್ ಅಂಗಡಿ. ನವಮಿಯ ದಿನ ಬೆಳಿಗ್ಗೆ ಮಷೀನಿಗೆ ಎಣ್ಣೆ ಬಿಟ್ಟು, ಒರೆಸಿ, ಬೆಲ್ಟ್ ಬಿಚ್ಚಿಡುತ್ತಿದ್ದ. ಅಳತೆಯ ಟೇಪು ಮಷೀನಿನ ಕೊರಳಿಗೆ ಹಾರದ ಹಾಗೆ. ದೊಡ್ಡ ಕತ್ತರಿಗೆ ಕುಂಕುಮ, ಒಂದು ಸೇವಂತಿಗೆ. ಅದಾದಮೇಲೆ ಮಾರನೆಯ ದಿನದ ಪೂಜೆಯ ತನಕ ಅದನ್ನು ಯಾರೂ ಮುಟ್ಟುವ ಹಾಗಿರಲಿಲ್ಲ. ಒಂದು ಸಲ ಯಾರೋ ಓಡಿ ಬಂದರು. ಪ್ಯಾಂಟಿನ ಅಂಚು ಬಿಚ್ಚಿಹೋಗಿದೆ, ಬಸ್ಸಿಗೆ ಹೊತ್ತಾಗಿದೆ, ಎರಡೇ ಎರಡು ಹೊಲಿಗೆ ಹಾಕಿಕೊಡಿ ಎಂದರು. ಮಾವ ಎರಡು ಪಿನ್ನು ಕೊಟ್ಟ. ಜೊತೆಗೆ ಒಂದು ಪೊಟ್ಟಣ ಕಡ್ಲೆಪುರಿ. 'ನಾಳೆ ಬನ್ನಿ, ಸುಮ್ನೆ ಹಾಕಿಕೊಡ್ತೀನಿ, ದುಡ್ಡು ಬೇಡ' ಅಂದ. ಹೊಲಿಗೆ ಮಾತ್ರ ಹಾಕಲಿಲ್ಲ.

ಕುಂಕುಮ ಹಚ್ಚುವುದು ಸುಲಭದ ಕೆಲಸ. ಕೈಯಿಂದ ಬಿಡುವುದೇ ಕಷ್ಟ. ನನ್ನ ಲೆಕ್ಕದಲ್ಲಿ ಹಬ್ಬ ಇರುವುದು ಅಲ್ಲಿ. ಅಜ್ಞಾತವಾಸಕ್ಕೆ ಹೊರಟ ಪಾಂಡವರು ಆಯುಧಗಳನ್ನು ಕಟ್ಟಿ ಬನ್ನಿ ಮರಕ್ಕೆ ಏರಿಸಿದಾಗ, ಯಾರೂ ಹತ್ತಿರ ಬರದಿರಲಿ ಅಂತ ಹೆಣದ ಕಥೆ ಹೇಳಿದರಂತೆ. ಗಾಂಡೀವವಿಲ್ಲದೆ ಅರ್ಜುನ ಒಂದು ವರ್ಷ ನಾಟ್ಯ ಹೇಳಿಕೊಟ್ಟ. ರಾಜರ ಕಾಲದಲ್ಲೂ ಹಾಗೆಯೇ: ಮಳೆಗಾಲ ಮುಗಿಯುತ್ತಿದ್ದಂತೆ ನವಮಿಗೆ ಕತ್ತಿ ಪೂಜೆಗೆ, ದಶಮಿಗೆ ಗಡಿ ದಾಟುವ ಶಾಸ್ತ್ರ. ಶ್ರೀರಂಗಪಟ್ಟಣದಲ್ಲಿ 1610ರಲ್ಲಿ ರಾಜ ಒಡೆಯರು ದಸರಾ ಶುರು ಮಾಡಿದರು. ಇವತ್ತಿಗೂ ಮೈಸೂರು ಅರಮನೆಯಲ್ಲಿ ಪಟ್ಟದ ಕತ್ತಿಗೆ ಪೂಜೆ ನಡೆಯುತ್ತದೆ. ಸರಸ್ವತಿ ಪೂಜೆಯೂ ಇದೇ ಜಾತಿಯದು. ಮೂಲಾ ನಕ್ಷತ್ರದ ದಿನ ಪುಸ್ತಕ ಇಟ್ಟರೆ ಶ್ರವಣಕ್ಕೆ ಎತ್ತುವುದು. ನಡುವೆ 'ಓದು' ಅಂತ ಹೇಳೋ ಹಕ್ಕು ಅಪ್ಪನಿಗೂ ಇರಲಿಲ್ಲ. ನಮಗೆ ಅತಿ ಇಷ್ಟದ ದೇವರು ಯಾಕೆ ಸರಸ್ವತಿ ಅಂತ ಈಗ ಗೊತ್ತಾಯಿತಲ್ಲ.

ಇಷ್ಟೆಲ್ಲ ಬರೆಯುವ ನಾನು ಬುಧವಾರ ಏನು ಮಾಡಿದೆ? ಬೆಳಿಗ್ಗೆ ಎದ್ದು ಲ್ಯಾಪ್‌ಟಾಪಿಗೆ ಅರಿಶಿನ ಕುಂಕುಮ ಹಚ್ಚಿ ಮಂಗಳಾರತಿ ಎತ್ತಿದೆ. ಅರ್ಧ ಗಂಟೆಯೂ ಆಗಿರಲಿಲ್ಲ, ಆಫೀಸಿನಿಂದ ಅರ್ಜೆಂಟ್ ಅಂತ ಮೆಸೇಜು. ತೆರೆದೆ. ಕುಂಕುಮ ಕೀಲಿಗಳ ಸಂದಿಗೆ ಇಳಿದು ಸ್ಪೇಸ್ ಬಾರ್ ಕಚ್ಚಿಕೊಂಡಿತ್ತು. ಪದಗಳೆಲ್ಲ ಒಂದಕ್ಕೊಂದು ಅಂಟಿಕೊಂಡ ಉತ್ತರವನ್ನೇ ಕಳಿಸಿದೆ. ಅದು ಗುರುವಾರಕ್ಕೆ ಧಾರಾಳವಾಗಿ ಕಾಯಬಹುದಾಗಿದ್ದ ಕೆಲಸ. ಕೆಲವರಿಗೆ ಹಾಗೆ ಕಾಯಿಸುವುದು ಆಗುವುದಿಲ್ಲ, ನಿಜ. ಆ ಸ್ಟೆತಸ್ಕೋಪಿನ ಡಾಕ್ಟರು ನವಮಿ ಅಂತ ರೋಗಿಯನ್ನು ವಾಪಸ್ ಕಳಿಸಲಾರರು. ನಮ್ಮಂಥವರಿಗೆ ಆ ನೆಪವೂ ಇಲ್ಲ. ನಮಗಿರುವುದು ಉತ್ತರ ತಡವಾದರೆ ಏನಂದುಕೊಳ್ಳುತ್ತಾರೋ ಅನ್ನುವ ಅಂಜಿಕೆ, ಅದೂ ಸ್ವಲ್ಪ ಜಾಸ್ತಿಯೇ.

ಮಾವನ ಕತ್ತರಿ ಈಗ ನನ್ನ ಹತ್ತಿರ ಇದೆ. ಅವನು ಹೋದಮೇಲೆ ಅತ್ತೆ ಕೊಟ್ಟರು. ಶನಿವಾರ ಅದನ್ನೂ ಒಯ್ದು, ಕುಂಕುಮ ಹಚ್ಚಿ, ಲ್ಯಾಪ್‌ಟಾಪುಗಳ ಸಾಲಿನ ತುದಿಗೆ ಇಟ್ಟಿದ್ದೆ. ಮಂಗಳಾರತಿ ಮುಗಿದು ಪ್ರಸಾದ ಹಂಚುವಾಗ ನೋಡುತ್ತೇನೆ, ಜಾಗ ಖಾಲಿ. ವೇದಿಕೆಯ ಬಳಿ ನಮ್ಮ ಸ್ವಯಂಸೇವಕಿಯೊಬ್ಬಳು ಮಕ್ಕಳ ಬಹುಮಾನಕ್ಕೆ ಸುತ್ತಿದ ರಿಬ್ಬನ್ನು ಅದೇ ಕತ್ತರಿಯಿಂದ ಚಕಚಕನೆ ಕತ್ತರಿಸುತ್ತಿದ್ದಳು. ಸೇವಂತಿಗೆ ಪಕ್ಕದ ಕುರ್ಚಿಯ ಮೇಲಿತ್ತು.

'ಅಂಕಲ್, ಇದು ಯಾರದು? ಎಷ್ಟು ಚೂಪಾಗಿದೆ!' ಅಂದಳು.

ಬುಧವಾರದ ಸ್ಪೇಸ್ ಬಾರ್ ನೆನಪಾಯಿತು. ರಿಬ್ಬನ್ನಿನ ಇನ್ನೊಂದು ತುದಿ ಹಿಡಿದುಕೊಂಡೆ.